ಅರಳಿ-ಬೇವಿನ ಜೋಡಿ ಕಟ್ಟೆ: ನೆಡುವುದು, ಮದುವೆ ಮಾಡುವುದು, ಉಳಿಸಿಕೊಳ್ಳುವುದು

ಜೋಡಿ ಮರ ನೆಡಲು ಹೊರಟವರು ಮೊದಲು ಕಟ್ಟೆಗೆ ಕಲ್ಲು ಹೊಡೆಸುತ್ತಾರೆ. ತಪ್ಪು ಶುರುವಾಗುವುದೇ ಅಲ್ಲಿ. ಮೊದಲು ಮರ, ಕಟ್ಟೆ ಎಂಟು-ಹತ್ತು ವರ್ಷದ ಮೇಲೆ.

ಮನೆ, ಬಾವಿ, ನೀರಿನ ತೊಟ್ಟಿಯಿಂದ 40 ಅಡಿಯಾದರೂ ದೂರವಿರಲಿ. ಅರಳಿ ಬೇರಿನ ಶಕ್ತಿ ಅನುಮಾನವಾದರೆ ಹಳೇ ಗುಡಿಯ ಕಲ್ಲುಸಂದಿ ನೋಡಿ: ಹಕ್ಕಿ ಹಿಕ್ಕೆಯಲ್ಲಿ ಬಿದ್ದ ಸಾಸಿವೆಗಿಂತ ಸಣ್ಣ ಬೀಜ ಗೋಡೆಯನ್ನೇ ಬಿರಿಸಿರುತ್ತದೆ. ಅಲ್ಲಿಂದ ಸಸಿ ಕಿತ್ತು ತರಬೇಡಿ, ಬೇರು ಹರಿದುಹೋಗುತ್ತದೆ. ನರ್ಸರಿಯ 4-5 ಅಡಿ ಸಸಿಯೇ ಸರಿ, ಮೇಕೆ ಬಾಯಿಗೆ ಬೇಗ ಸಿಗುವುದಿಲ್ಲ. ಬೇವನ್ನು ಬೀಜದಿಂದ ಎಬ್ಬಿಸುವುದಾದರೆ ಹಣ್ಣು ಉದುರಿದ ಒಂದೆರಡು ವಾರದೊಳಗೆ ಹಾಕಿ, ತಡವಾದರೆ ಮೊಳೆಯದು.

ಚಳ್ಳಕೆರೆ, ಹಿರಿಯೂರು ಕಡೆಯ ಗರಸು ನೆಲದಲ್ಲಿ ಉದ್ದ, ಅಗಲ, ಆಳ ಮೂರೂ 3 ಅಡಿ ಗುಂಡಿ ಬೇಕು. ಎರೆ ನೆಲದಲ್ಲಿ 2 ಅಡಿ ಸಾಕು, ಆದರೆ ನೀರು ನಿಲ್ಲದಂತೆ ಬುಡ ಸ್ವಲ್ಪ ಏರಿಸಿ. ಗುಂಡಿಗೆ ಅರ್ಧದಷ್ಟು ಕೆರೆಗೋಡು (ಕೆರೆಯ ಹೂಳು), ಎರಡು ಪುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ, ಗೆದ್ದಲಿಗೆ ಅರ್ಧ ಕೆಜಿ ಬೇವಿನ ಹಿಂಡಿ. ಆರಿದ್ರಾ ಮಳೆಗೆ ನೆಟ್ಟರೆ ಹಸ್ತ-ಚಿತ್ತೆಯ ದೊಡ್ಡ ಮಳೆ ಬರುವಷ್ಟರಲ್ಲಿ ಬೇರು ಹಿಡಿದಿರುತ್ತದೆ. ಸುತ್ತ ಜಾಲಿಮುಳ್ಳು ಕಟ್ಟಿ, ಎರಡು ಬೇಸಿಗೆ ವಾರಕ್ಕೆರಡು ಸಲ ಎರಡೆರಡು ಕೊಡ ನೀರು ಹಾಕಿ.

ಎರಡನ್ನೂ ಒಂದೇ ಗುಂಡಿಗೆ ಇಳಿಸುವ ರೂಢಿ ಇದೆ. ಬೇಡ. ಅರಳಿ ದಪ್ಪವಾಗುತ್ತ ಬೇವನ್ನು ಅದುಮಿಬಿಡುತ್ತದೆ. 4 ಅಡಿ ಅಂತರ ಕೊಡಿ, ಕೊಂಬೆಗಳು ಮೇಲೆ ತಾವಾಗೇ ಕೂಡುತ್ತವೆ.

ಮದುವೆಗೆ ಎರಡೂ ಆಳೆತ್ತರ ದಾಟಿರಲಿ. ಅರಳಿ ಗಂಡು, ಬೇವು ಹೆಣ್ಣು; ವಿಷ್ಣು-ಲಕ್ಷ್ಮಿ ಎನ್ನುವವರುಂಟು. ದುಗ್ಗಮ್ಮನಿಗೆ ಬೇವಿನುಡುಗೆ ಹರಕೆ ಹೊರುವ ದಾವಣಗೆರೆಯವರಿಗೆ ಬೇವೆಂದರೆ ಅಮ್ಮನೇ. ಮೊಳಕಾಲ್ಮುರು ಸೀರೆಯನ್ನೇ ಉಡಿಸಿ, ಬೇಡವೆನ್ನುವುದಿಲ್ಲ. ಮರುದಿನ ಬಿಚ್ಚಿಬಿಡಿ, ಒದ್ದೆ ಬಟ್ಟೆಯಡಿ ತೊಗಟೆ ಕೊಳೆಯುತ್ತದೆ.

ದಾರ ಸುತ್ತುವಲ್ಲಿ ಹೆಚ್ಚು ಎಚ್ಚರ ಬೇಕು. ಹತ್ತಿ ನೂಲು ಮಾತ್ರ, ಒಳಗೆ ಎರಡು ಬೆರಳು ತೂರುವಷ್ಟು ಸಡಿಲ. ನೈಲಾನ್ ಹರಿಯುವುದಿಲ್ಲ, ಕಾಂಡ ಹಿಗ್ಗಿದಂತೆ ತೊಗಟೆಗಿಳಿದು, ಎಲೆ ಮಾಡಿದ ಆಹಾರ ಬೇರಿಗೆ ಇಳಿಯದಂತೆ ಬಿಗಿಯುತ್ತದೆ. ದಾರದ ಮೇಲ್ಗಡೆ ಕಾಂಡ ಉಬ್ಬಿದ್ದರೆ ಇದೇ ಕಾರಣ, ತಕ್ಷಣ ಕತ್ತರಿಸಿ. ಸ್ಕಾಟ್ಲೆಂಡಿನಲ್ಲಿ ಬುಗ್ಗೆಗಳ ಪಕ್ಕದ ಮರಕ್ಕೆ ರೋಗಿಯ ಬಟ್ಟೆಚೂರು ಕಟ್ಟುತ್ತಾರೆ. ಬಟ್ಟೆ ಕೊಳೆತಂತೆ ರೋಗ ಕರಗುತ್ತದೆಂಬ ನಂಬಿಕೆ. ಕೊಳೆಯದ ಬಟ್ಟೆಗೆ ಅಲ್ಲಿ ಫಲವೇ ಇಲ್ಲ!

ಕಟ್ಟೆಯನ್ನು ಬಳೆಯಂತೆ ಕಟ್ಟಿಸಿ: ಕಾಂಡಗಳ ಸುತ್ತ 3 ಅಡಿ ಹಳೇ ನೆಲದ ಮಟ್ಟದಲ್ಲೇ ಬಯಲಿರಲಿ, ಆಚೆಗೆ ಎರಡೂವರೆ ಅಡಿ ಎತ್ತರ, ಗಾರೆಯಿಲ್ಲದ ಸೈಜುಗಲ್ಲು. ಬುಡಕ್ಕೆ ಮಣ್ಣೇರಿಸಿದರೆ ತೊಗಟೆ ಕೊಳೆಯುತ್ತದೆ, ಸಿಮೆಂಟು ಬಳಿದರೆ ಬೇರಿಗೆ ಗಾಳಿ-ನೀರಿಲ್ಲ. ಶ್ರೀಲಂಕಾದ ಅನುರಾಧಪುರದ ಬೋಧಿ ಮರವೂ ಅರಳಿಯೇ; ಅದು ಎತ್ತರದ ಜಗತಿಯ ಮೇಲಿದೆ, ಕೊಂಬೆಗಳಿಗೆ ಊರುಗೋಲೂ ಇವೆ. ಅದನ್ನು ಸಸಿಯಾಗಿ ಅಲ್ಲಿಗೆ ಒಯ್ದವಳು ಅಶೋಕನ ಮಗಳು ಸಂಘಮಿತ್ತೆ ಎನ್ನುತ್ತದೆ ಅಲ್ಲಿನ ಪರಂಪರೆ; ಆ ಅಶೋಕನ ಶಾಸನಗಳು ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲೇ ಇವೆ.

ನಾಗರಕಲ್ಲನ್ನು ಬುಡಕ್ಕೆ ಒತ್ತಿ ನಿಲ್ಲಿಸಬೇಡಿ, ಬೇರು ಅದನ್ನು ನುಂಗಿಬಿಡುತ್ತದೆ. ಕಟ್ಟೆಯ ಅಂಚಿನಲ್ಲಿಡಿ. ನಾರ್ವೆ ಕಡೆಯ ಪುರಾಣದ ಇಗ್‌ಡ್ರಸಿಲ್ ಮರದಲ್ಲೂ ಬೇರಲ್ಲಿ ಹಾವು, ತುದಿಯಲ್ಲಿ ಹದ್ದು. ಅಲ್ಲಿ ಹಾವು ಬೇರು ಕಡಿಯುವ ವೈರಿ, ನಮ್ಮಲ್ಲಿ ಹಾಲೆರೆಸಿಕೊಳ್ಳುವ ದೇವರು. ಆ ಹಾಲು, ದೀಪದ ಎಣ್ಣೆ ಎರಡೂ ಕಲ್ಲಿನ ಮೇಲೇ ಉಳಿಯಲಿ: ಎಣ್ಣೆ ಕುಡಿದ ಮಣ್ಣು ನೀರು ಕುಡಿಯುವುದಿಲ್ಲ.

ನಡುವೆ ಬೇವು ಸತ್ತರೆ ಅದೇ ಗುಂಡಿಗೆ ಇನ್ನೊಂದು ನೆಡಬೇಡಿ. ಅರಳಿ ನೆರಳಲ್ಲಿ ಅದು ಸೊರಗುತ್ತದೆ. ನೆರಳು ಮುಗಿಯುವ ಅಂಚಿನಾಚೆ, ಬಿಸಿಲು ಬೀಳುವ ಕಡೆ ಹೊಸ ಗುಂಡಿ ತೋಡಿ.