ಒಂದು ಡಬ್ಬಿ ಕೆಂಪು ಮಣ್ಣು, ಒಂದು ಪ್ರಶ್ನೆ: ಕೊನೇ ವರ್ಷದ ಪ್ರಾಜೆಕ್ಟ್ ಮಾಡುವುದು ಹೇಗೆ?

ಏಳನೇ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ನಾಲ್ಕು ನಾಲ್ಕು ಜನರ ಗುಂಪು ನನ್ನ ಟೇಬಲ್ ಮುಂದೆ ಬಂದು ನಿಲ್ಲುತ್ತದೆ. ‘ಸರ್, ಒಂದು ಒಳ್ಳೇ ಟೈಟಲ್ ಕೊಡಿ’ ಅಂತಾರೆ. ಸಿನಾಪ್ಸಿಸ್, ಅಂದರೆ ಪ್ರಾಜೆಕ್ಟಿನ ಸಂಕ್ಷಿಪ್ತ ವಿವರ, ಕೊಡಲು ಅಷ್ಟೊತ್ತಿಗೆ ಒಂದು ವಾರ ಉಳಿದಿರುತ್ತದೆ. ಟೈಟಲ್ ಸಿಗದವರು ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿ ಹುಡುಕಿಕೊಂಡು ಹೋಗುತ್ತಾರೆ. ಅಲ್ಲಿ ಸರ್ಕ್ಯೂಟು, ಕೋಡು, ರಿಪೋರ್ಟು ಎಲ್ಲ ಒಟ್ಟಿಗೆ ಸಿಗುತ್ತದೆ. ಆಮೇಲೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ‘ಈ ರೆಸಿಸ್ಟರ್ ಇಲ್ಲಿ ಯಾಕೆ?’ ಅಂತ ಕೇಳಿದರೆ ನಾಲ್ಕೂ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಈ ಮಕ್ಕಳು ದಡ್ಡರಲ್ಲ. ಪ್ರಶ್ನೆ ಹುಡುಕುವುದು ಹೇಗೆ ಅಂತ ಯಾರೂ ಅವರ ಜೊತೆ ಕೂತು ಹೇಳಿಕೊಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಿಇ, ಬಿಎಸ್‌ಸಿ, ಎಂಎಸ್‌ಸಿ, ಯಾರು ಬೇಕಾದರೂ ಈ ದಾರಿ ಹಿಡಿಯಬಹುದು.

ಮೊದಲು ಪ್ರಶ್ನೆ

ನನ್ನ ಹತ್ತಿರ ಅತಿ ಹೆಚ್ಚು ಸಲ ಬಂದಿರುವ ವಿಷಯ ‘ಸ್ಮಾರ್ಟ್ ಇರಿಗೇಷನ್’. ಮಣ್ಣಿಗೆ ಸೆನ್ಸರ್ ಚುಚ್ಚುವುದು, ಮಣ್ಣು ಒಣಗಿದರೆ ಮೋಟರ್ ಆನ್ ಮಾಡುವುದು. ಒಳ್ಳೇ ವಿಷಯವೇ. ಆದರೆ ಅದರಲ್ಲಿ ಪ್ರಶ್ನೆ ಎಲ್ಲಿದೆ?

ನಾನು ಹೀಗೆ ಕೇಳುತ್ತೇನೆ: ಸೆನ್ಸರ್ 500 ಅಂತ ತೋರಿಸಿದರೆ ನಿಮ್ಮ ಊರಿನ ಮಣ್ಣಿನಲ್ಲಿ ಎಷ್ಟು ನೀರಿದೆ ಅಂತ ಅರ್ಥ? ಯಾರಿಗೂ ಗೊತ್ತಿರುವುದಿಲ್ಲ. ಈ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಮಣ್ಣು ಒಣಗಿದಷ್ಟೂ ಅಂಕಿ ಏರುತ್ತದೆ, ಹಾಗಾಗಿ ಕೋಡ್‌ನಲ್ಲಿ ‘600 ದಾಟಿದರೆ ಪಂಪ್ ಆನ್’ ಅಂತ ಬರೆದಿರುತ್ತಾರೆ. 600 ಎಲ್ಲಿಂದ ಬಂತು ಅಂದರೆ ಯೂಟ್ಯೂಬ್‌ನಿಂದ. ಆ ವಿಡಿಯೊ ಮಾಡಿದವರ ಕುಂಡದಲ್ಲಿ ಯಾವ ಮಣ್ಣಿತ್ತೋ ಯಾರಿಗೆ ಗೊತ್ತು! ಕೋಲಾರದ ಕೆಂಪು ಮಣ್ಣು ನೀರು ಹಿಡಿದುಕೊಳ್ಳುವ ರೀತಿಯೇ ಬೇರೆ, ವಿಜಯಪುರದ ಎರೆಮಣ್ಣಿನ ರೀತಿಯೇ ಬೇರೆ.

ನೋಡಿ, ಪ್ರಶ್ನೆ ಹುಟ್ಟಿತು. ‘ನೂರಿನ್ನೂರು ರೂಪಾಯಿಯ ಈ ಸೆನ್ಸರ್ ನಮ್ಮ ಹೊಲದ ಕೆಂಪು ಮಣ್ಣಿನಲ್ಲಿ ತೇವವನ್ನು ಎಷ್ಟು ಸರಿಯಾಗಿ ಅಳೆಯುತ್ತದೆ?’ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದೆ. ಅಳೆದು ಉತ್ತರ ಹೇಳಬಹುದು. ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಈ ಮೂರೂ ಇದ್ದರೆ ಧೈರ್ಯವಾಗಿ ಶುರು ಮಾಡಿ.

ಇಷ್ಟು ಸಣ್ಣ ಪ್ರಶ್ನೆ ಸಾಕಾ ಅನ್ನಿಸಬಹುದು. ಸಿ.ವಿ. ರಾಮನ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ ಎಲ್ಲರಂತೆ ಸ್ಪೆಕ್ಟ್ರೋಮೀಟರ್ ಇಟ್ಟುಕೊಂಡು ಪ್ರಿಸಂನ ಕೋನ ಅಳೆಯುತ್ತಿದ್ದರು. ಬೆಳಕಿನ ಪಟ್ಟಿಗಳು ಎರಡೂ ಕಡೆ ಒಂದೇ ಥರ ಇಲ್ಲ ಅನ್ನುವುದು ಅವರ ಕಣ್ಣಿಗೆ ಬಿತ್ತು. ಯಾಕೆ ಹೀಗೆ ಅಂತ ಬೆನ್ನು ಹತ್ತಿದರು. ಅದೇ ಅವರ ಮೊದಲ ಲೇಖನವಾಗಿ 1906ರ ನವೆಂಬರ್‌ನಲ್ಲಿ ‘ಫಿಲಾಸಫಿಕಲ್ ಮ್ಯಾಗಜೀನ್’ನಲ್ಲಿ ಅಚ್ಚಾಯಿತು. ಆಗ ಅವರಿಗೆ 18 ವರ್ಷ. ನಿಮ್ಮ ಕಾಲೇಜಿನ ಲ್ಯಾಬ್‌ನಲ್ಲೂ ಆ ಸ್ಪೆಕ್ಟ್ರೋಮೀಟರ್ ಇದೆ ಅಲ್ವಾ?

ಬೇರೆಯವರು ಏನು ಮಾಡಿದ್ದಾರೆ ನೋಡಿ

ಪ್ರಶ್ನೆ ಸಿಕ್ಕ ಮೇಲೆ ಎರಡು ವಾರ ಓದಲು ಇಟ್ಟುಕೊಳ್ಳಿ. ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಭಾರತದ ಪಿಎಚ್‌ಡಿ ಪ್ರಬಂಧಗಳು ‘ಶೋಧಗಂಗಾ’ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮದು ಸರ್ಕಾರಿ ಕಾಲೇಜಾದರೆ ಲೈಬ್ರರಿಯಲ್ಲಿ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಬಗ್ಗೆ ಕೇಳಿ. 2025ರ ಜನವರಿಯಿಂದ ಜಾರಿಗೆ ಬಂದ ಯೋಜನೆ ಇದು. ದುಡ್ಡು ಕೊಟ್ಟು ಓದಬೇಕಿದ್ದ ಸುಮಾರು 13 ಸಾವಿರ ಜರ್ನಲ್‌ಗಳು ಇದರಡಿ ಸಿಗುತ್ತವೆ. ಸಂಶೋಧನಾ ಪೇಪರ್‌ಗಳ ಇಂಗ್ಲಿಷ್ ಕಷ್ಟ ಅನ್ನಿಸಿದರೆ ಭಾರತೀಯ ವಿಜ್ಞಾನ ಅಕಾಡೆಮಿಯ ‘ರೆಸೊನೆನ್ಸ್’ ಪತ್ರಿಕೆಯಿಂದ ಶುರು ಮಾಡಿ. ವಿದ್ಯಾರ್ಥಿಗಳಿಗಾಗಿಯೇ ಬರೆದ ಲೇಖನಗಳು ಅದರಲ್ಲಿರುತ್ತವೆ.

ಪೇಪರನ್ನು ಕಾದಂಬರಿ ಓದಿದ ಹಾಗೆ ಮೊದಲ ಸಾಲಿನಿಂದ ಓದಬೇಕಿಲ್ಲ. ಮೊದಲು ಸಾರಾಂಶ, ಆಮೇಲೆ ಚಿತ್ರ ಮತ್ತು ಗ್ರಾಫು, ಆಮೇಲೆ ಕೊನೇ ಭಾಗ. ಓದಿ ಮುಗಿದ ಕೂಡಲೇ ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಮೂರು ಸಾಲು ಬರೆಯಿರಿ: ಏನು ಕೇಳಿದರು, ಹೇಗೆ ಅಳೆದರು, ಏನು ಬಿಟ್ಟರು. ಈ ಮೂರು ಸಾಲು ಬರೆಯಲು ಆಗಲಿಲ್ಲ ಅಂದರೆ ಅದು ಇನ್ನೂ ಅರ್ಥವಾಗಿಲ್ಲ. ಚಾಟ್‌ಬಾಟ್ ಕೊಟ್ಟ ಪೇಪರಿನ ಹೆಸರನ್ನು ತೆರೆದು ನೋಡದೆ ರಿಪೋರ್ಟಿಗೆ ಹಾಕಬೇಡಿ. ಇಲ್ಲದ ಪೇಪರ್‌ಗಳನ್ನೂ ಅದು ಇವೆ ಅಂತ ಹೇಳಿಬಿಡುತ್ತದೆ.

ಪಕ್ಕದ ಡಿಪಾರ್ಟ್‌ಮೆಂಟಿನ ಬಾಗಿಲು ತಟ್ಟಿ

ನಮ್ಮ ಮಣ್ಣಿನ ಪ್ರಶ್ನೆಗೆ ಎಲೆಕ್ಟ್ರಾನಿಕ್ಸ್ ಒಂದೇ ಸಾಲದು. ಮಣ್ಣು ಒಣಗಿಸುವ ಓವನ್ ಇರುವುದು ಸಿವಿಲ್‌ನವರ ಸಾಯಿಲ್ ಲ್ಯಾಬ್‌ನಲ್ಲಿ. ಸೂಕ್ಷ್ಮವಾದ ತಕ್ಕಡಿ ಕೆಮಿಸ್ಟ್ರಿಯವರ ಹತ್ತಿರ. ಮಣ್ಣಿಗೆ ಯಾವಾಗ ನೀರು ಬೇಕು ಅಂತ ಗೊತ್ತಿರುವುದು ರೈತರಿಗೆ. ಇವರೆಲ್ಲರ ಹತ್ತಿರ ಹೋಗಿ ವಿನಯದಿಂದ ಕೇಳಿ. ಲ್ಯಾಬ್ ಅಟೆಂಡರ್‌ಗೆ ಗೊತ್ತಿರುವಷ್ಟು ಆ ಓವನ್ನಿನ ವಿಷಯ ಯಾವ ಪ್ರೊಫೆಸರ್‌ಗೂ ಗೊತ್ತಿರುವುದಿಲ್ಲ.

ಕೈ ಜೋಡಿಸಿದರೆ ಎಲ್ಲಿಯವರೆಗೆ ಹೋಗಬಹುದು ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಬೆಂಗಳೂರು ಮತ್ತು ಹೈದರಾಬಾದಿನ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ‘ಸ್ಟಡ್‌ಸ್ಯಾಟ್’ ಅನ್ನುವ ಉಪಗ್ರಹ ಕಟ್ಟಿದರು. ತೂಕ ಒಂದು ಕೆ.ಜಿ.ಗಿಂತ ಕಡಿಮೆ. 2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ ಸಿ-15 ರಾಕೆಟ್ ಅದನ್ನು ಮೇಲಕ್ಕೆ ಒಯ್ದಿತು. ಕಟ್ಟಿದವರೆಲ್ಲ ನಿಮ್ಮ ಹಾಗೆ ಡಿಗ್ರಿ ಓದುತ್ತಿದ್ದ ಮಕ್ಕಳು.

ಅಳೆಯುವ ಕೆಲಸ

ಪ್ರಾಜೆಕ್ಟಿನ ಜೀವ ಇಲ್ಲೇ ಇದೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಹೊಲದಿಂದ ಮಣ್ಣು ತನ್ನಿ. ಕಲ್ಲು, ಬೇರು ತೆಗೆದು 2 ಮಿ.ಮೀ. ಜರಡಿಯಲ್ಲಿ ಆಡಿಸಿ. ಓವನ್ನಿನಲ್ಲಿ 105ರಿಂದ 110 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ. ನಮ್ಮ ದೇಶದ ಮಾನಕ ಐಎಸ್ 2720ರ ಎರಡನೇ ಭಾಗದಲ್ಲಿ ಮಣ್ಣಿನ ತೇವ ಅಳೆಯಲು ಹೇಳಿರುವ ಬಿಸಿಯೂ ಇದೇ. ತಣ್ಣಗಾದ ಮೇಲೆ ಒಂದೊಂದು ಡಬ್ಬಿಗೆ ಸರಿಯಾಗಿ 1 ಕೆ.ಜಿ. ಒಣ ಮಣ್ಣು ತೂಗಿ ಹಾಕಿ. ಮೊದಲನೇ ಡಬ್ಬಿಗೆ 50 ಗ್ರಾಂ ನೀರು, ಎರಡನೆಯದಕ್ಕೆ 100, ಮೂರನೆಯದಕ್ಕೆ 150, ಹೀಗೆ. ಚೆನ್ನಾಗಿ ಕಲಸಿ, ಮುಚ್ಚಳ ಬಿಗಿದು ಒಂದು ರಾತ್ರಿ ಬಿಡಿ. ನೀರು ಎಲ್ಲ ಕಡೆ ಒಂದೇ ಸಮ ಹರಡಬೇಕು.

ಬೆಳಿಗ್ಗೆ ಪ್ರತಿ ಡಬ್ಬಿಯಲ್ಲಿ ಮಣ್ಣನ್ನು ಒಂದೇ ಎತ್ತರಕ್ಕೆ ಒತ್ತಿ, ಸೆನ್ಸರನ್ನು ಅದರ ಮೇಲಿನ ಗೆರೆಯವರೆಗೆ ಇಳಿಸಿ, ರೀಡಿಂಗ್ ಬರೆದುಕೊಳ್ಳಿ. ಒಂದೇ ಡಬ್ಬಿಯಲ್ಲಿ ಮೂರು ಜಾಗದಲ್ಲಿ ಚುಚ್ಚಿ. ಮೂರೂ ಒಂದೇ ಬರುವುದಿಲ್ಲ, ಗಾಬರಿಯಾಗಬೇಡಿ. ಆ ವ್ಯತ್ಯಾಸ ಎಷ್ಟು ಅನ್ನುವುದೇ ನಿಮ್ಮ ಉತ್ತರದ ಅರ್ಧ ಭಾಗ. ಆಮೇಲೆ ಅದೇ ಡಬ್ಬಿಯಿಂದ ಸ್ವಲ್ಪ ಮಣ್ಣು ತೆಗೆದು ತೂಗಿ, ಮತ್ತೆ ಒಣಗಿಸಿ ತೂಗಿ. ಒದ್ದೆ ಮಣ್ಣು 112 ಗ್ರಾಂ ಇದ್ದು, ಒಣಗಿದ ಮೇಲೆ 100 ಗ್ರಾಂ ಆದರೆ ತೇವ ಶೇ 12. ಭಾಗಿಸಬೇಕಾದ್ದು ಒಣ ತೂಕದಿಂದ. ಒದ್ದೆ ತೂಕದಿಂದ ಭಾಗಿಸಿದರೆ ಶೇ 10.7 ಬರುತ್ತದೆ. ಪ್ರತಿ ವರ್ಷ ಒಂದೆರಡು ರಿಪೋರ್ಟ್‌ನಲ್ಲಿ ಈ ತಪ್ಪು ನೋಡುತ್ತೇನೆ.

ಸೆನ್ಸರ್ ಆರಿಸುವಾಗ ಇನ್ನೊಂದು ವಿಷಯ. ಎರಡು ಲೋಹದ ಕಾಲಿರುವ ಅಗ್ಗದ ಸೆನ್ಸರ್‌ನಲ್ಲಿ ಕರೆಂಟು ಒದ್ದೆ ಮಣ್ಣಿನ ಮೂಲಕ ಹರಿಯುತ್ತದೆ. ಹಾಗಾಗಿ ಕಾಲುಗಳು ಬೇಗ ತಿಂದುಹೋಗುತ್ತವೆ, ರೀಡಿಂಗ್ ದಿನದಿಂದ ದಿನಕ್ಕೆ ಬದಲಾಗುತ್ತದೆ. ಲೋಹ ಮಣ್ಣಿಗೆ ತಾಗದ ಕೆಪಾಸಿಟಿವ್ ಸೆನ್ಸರ್ ಜಾಸ್ತಿ ಬಾಳಿಕೆ ಬರುತ್ತದೆ.

ರೀಡಿಂಗ್ ಪುಸ್ತಕ

ಬಿಡಿ ಹಾಳೆ ಬೇಡ. ಹೊಲಿದ ನೋಟ್‌ಬುಕ್ ತೆಗೆದುಕೊಂಡು ಮೊದಲೇ ಪುಟದ ನಂಬರ್ ಹಾಕಿ. ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆಯಿರಿ, ಕೆಳಗಿನ ಅಂಕಿ ಕಾಣುತ್ತಿರಲಿ. ತಾರೀಖು, ಸಮಯ, ಯಾರು ಓದಿದರು, ಯಾವ ಸೆನ್ಸರ್, ಕರೆಂಟು ಎಲ್ಲಿಂದ ಕೊಟ್ಟಿರಿ, ಎಲ್ಲ ಇರಲಿ.

ಕರೆಂಟಿನ ಮಾತು ಸುಮ್ನೆ ಹೇಳುತ್ತಿಲ್ಲ. ನಾನು ಗೈಡ್ ಆಗಿದ್ದ ಒಂದು ಗುಂಪಿಗೆ ಒಂದೇ ಡಬ್ಬಿಯಲ್ಲಿ ಎರಡು ದಿನ ಎರಡು ಬೇರೆ ಉತ್ತರ ಬಂತು. ವಾರವೆಲ್ಲ ಕೋಡ್ ತಿದ್ದಿದರು. ಕೊನೆಗೆ ನೋಡಿದರೆ ಒಂದು ದಿನ ಲ್ಯಾಪ್‌ಟಾಪ್‌ನಿಂದ, ಇನ್ನೊಂದು ದಿನ ಇಳಿದುಹೋದ ಬ್ಯಾಟರಿಯಿಂದ ಸೆನ್ಸರ್ ಜೋಡಿಸಿದ ಬೋರ್ಡ್ ಓಡಿಸಿದ್ದರು. ವೋಲ್ಟೇಜ್ ಬದಲಾದರೆ ಸೆನ್ಸರಿನ ಅಂಕಿಯೂ ಬದಲಾಗುತ್ತದೆ. ನೋಟ್‌ಬುಕ್‌ನಲ್ಲಿ ಒಂದು ಕಾಲಂ ಇದ್ದಿದ್ದರೆ ಅರ್ಧ ಗಂಟೆಯಲ್ಲಿ ಸಿಕ್ಕಿಬಿಡುತ್ತಿತ್ತು. ಆ ಕಾಲಂ ಹಾಕಿಸದಿದ್ದ ತಪ್ಪು ಗೈಡ್ ಆಗಿ ನನ್ನದೇ.

ಗುಂಪಿಗೆ ಸೇರದ ಅಂಕಿ ಬಂದರೆ ಅಳಿಸಬೇಡಿ. 1967ರಲ್ಲಿ ಜೋಸೆಲಿನ್ ಬೆಲ್ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ. ರೇಡಿಯೊ ದೂರದರ್ಶಕದಿಂದ ದಿನಕ್ಕೆ ಸುಮಾರು 30 ಮೀಟರ್ ಕಾಗದ ಹೊರಗೆ ಬರುತ್ತಿತ್ತು. ಅದನ್ನು ಕಣ್ಣಿನಲ್ಲೇ ನೋಡಬೇಕು. ಅದರಲ್ಲಿ ಒಂದು ಬೆರಳಗಲವೂ ಇಲ್ಲದ ಗೀಚು ಕಂಡಿತು. ಆಕೆ ಹುಡುಕುತ್ತಿದ್ದ ದೂರದ ಆಕಾಶಕಾಯಗಳ ಸಂಕೇತದ ಹಾಗೂ ಇಲ್ಲ, ಭೂಮಿಯ ಮೇಲಿನ ಗಲಾಟೆಯ ಹಾಗೂ ಇಲ್ಲ. ಆಕೆ ಅದನ್ನು ಕಸ ಅಂತ ಬಿಡಲಿಲ್ಲ. ಕಾಗದವನ್ನು ಜೋರಾಗಿ ಓಡಿಸಿ ನೋಡಿದಾಗ ಸುಮಾರು 1.33 ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತ ಸಿಕ್ಕಿತು. ಪಲ್ಸಾರ್ ಅನ್ನುವ ನಕ್ಷತ್ರ ಜಗತ್ತಿಗೆ ಗೊತ್ತಾಗಿದ್ದು ಹಾಗೆ.

ನಿಮ್ಮ ಡಬ್ಬಿಯಲ್ಲಿ ಬಂದ ವಿಚಿತ್ರ ಅಂಕಿಗೆ ಕಾರಣ ಗೊಬ್ಬರದ ಉಪ್ಪಿರಬಹುದು, ಮಧ್ಯಾಹ್ನದ ಬಿಸಿಲಿರಬಹುದು. ಪಕ್ಕದಲ್ಲಿ ಒಂದು ಗುರುತು ಹಾಕಿ, ಮಾರನೇ ದಿನ ಮತ್ತೆ ಅಳೆಯಿರಿ.

ಬರೆಯುವುದು, ಹಣ, ಅರ್ಜಿ

ರಿಪೋರ್ಟನ್ನು ಪೀಠಿಕೆಯಿಂದ ಶುರು ಮಾಡಬೇಡಿ. ಮೊದಲು ಗ್ರಾಫ್ ಬಿಡಿಸಿ: ಒಂದು ಕಡೆ ತೇವ, ಇನ್ನೊಂದು ಕಡೆ ಸೆನ್ಸರಿನ ಅಂಕಿ. ಎರಡೂ ಅಕ್ಷಗಳಿಗೆ ಹೆಸರು, ತೇವಕ್ಕೆ ಶೇಕಡಾ ಗುರುತು. ಆ ಗ್ರಾಫ್ ಏನು ಹೇಳುತ್ತದೆ ಅಂತ ನಿಮ್ಮ ಅಜ್ಜಿಗೆ ಹೇಳಿದ ಹಾಗೆ ನಾಲ್ಕು ಸಾಲು ಬರೆಯಿರಿ. ಉಳಿದ ರಿಪೋರ್ಟ್ ಅದರ ಸುತ್ತ ಬೆಳೆಯುತ್ತದೆ. ಸೆನ್ಸರ್ ಚೆನ್ನಾಗಿಲ್ಲ ಅನ್ನುವ ಉತ್ತರ ಬಂದರೂ ಅದು ಉತ್ತರವೇ. ಅದನ್ನು ನಂಬಿ ಪಂಪ್ ಓಡಿಸಬೇಕಿದ್ದ ರೈತರಿಗೆ ಅದರಿಂದ ಉಪಕಾರವೇ ಆಗುತ್ತದೆ. ಬೇರೆಯವರ ಸಾಲು ಎತ್ತಿ ಹಾಕಬೇಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10 ದಾಟಿದರೆ ಕ್ರಮಕ್ಕೆ ಅವಕಾಶವಿದೆ. ‘ಮೂರು ದಿನದಲ್ಲಿ ಪ್ರಕಟಿಸುತ್ತೇವೆ, ಹಣ ಕಳಿಸಿ’ ಅನ್ನುವ ಜರ್ನಲ್‌ಗಳಿಗೆ ಅಪ್ಪ ಅಮ್ಮನ ದುಡ್ಡು ಸುರಿಯಬೇಡಿ.

ಸಣ್ಣ ಖರ್ಚಿಗೆ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. ಎಲ್ಲರೂ ಕೆಎಸ್‌ಸಿಎಸ್‌ಟಿ ಅಂತಾರೆ. ನಾಲ್ಕು ದಶಕಕ್ಕೂ ಹೆಚ್ಚು ಕಾಲದಿಂದ ವಿದ್ಯಾರ್ಥಿ ಪ್ರಾಜೆಕ್ಟ್ ಕಾರ್ಯಕ್ರಮ ನಡೆಸುತ್ತಿದೆ. ಕಾಲೇಜಿನ ಮೂಲಕ ಅರ್ಜಿ ಹಾಕಬೇಕು. ಆಯ್ಕೆಯಾದರೆ ಸ್ವಲ್ಪ ಹಣ ಸಿಗುತ್ತದೆ, ತಜ್ಞರು ಕೆಲಸ ನೋಡುತ್ತಾರೆ, ಒಳ್ಳೆಯವು ರಾಜ್ಯಮಟ್ಟದ ಪ್ರದರ್ಶನಕ್ಕೆ ಹೋಗುತ್ತವೆ. ಇನ್ನೂ ಮುಂದೆ ಹೋಗುವ ಆಸೆ ಇರುವವರು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು ದೊಡ್ಡ ಲ್ಯಾಬ್ ಒಂದರಲ್ಲಿ ವಿಜ್ಞಾನಿಯ ಜೊತೆ ಕೆಲಸ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರದಲ್ಲೂ ಬೇಸಿಗೆ ಫೆಲೋಶಿಪ್ ಇದೆ. ಅರ್ಜಿಯಲ್ಲಿ ‘ನನಗೆ ಸಂಶೋಧನೆ ಅಂದರೆ ಇಷ್ಟ’ ಅಂತ ಬರೆಯುವ ಬದಲು ನಿಮ್ಮ ಮಣ್ಣಿನ ಡಬ್ಬಿಗಳ ಕಥೆ ಬರೆಯಿರಿ.

ವೈವಾ ಮುಗಿದ ದಿನವೇ ಎಲ್ಲ ಕಟ್ಟಿ ಎಸೆಯಬೇಡಿ. ರೀಡಿಂಗ್ ಪುಸ್ತಕ, ಕೋಡು, ಸೆನ್ಸರು ಮೂರನ್ನೂ ಒಂದು ಪೆಟ್ಟಿಗೆಯಲ್ಲಿಟ್ಟು ಡಿಪಾರ್ಟ್‌ಮೆಂಟಿಗೆ ಕೊಡಿ. ಡಬ್ಬಿಗಳ ಮೇಲಿನ ಚೀಟಿ ಹಾಗೇ ಇರಲಿ. ಮುಂದಿನ ವರ್ಷದ ನಾಲ್ಕು ಜನ ಬಂದು ‘ಸರ್, ಟೈಟಲ್’ ಅಂದಾಗ ನಾನು ಆ ಪೆಟ್ಟಿಗೆ ತೆಗೆದು ಕೊಡುತ್ತೇನೆ. ಅವರು ಎರೆಮಣ್ಣಿನಿಂದ ಶುರು ಮಾಡಲಿ.