ಶಾಲೆ ಮುಚ್ಚಿದ ವರ್ಷ ವಿಜ್ಞಾನ ತಂಡ ಕಟ್ಟಿದ್ದು

ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ತಂಡ ಸಿದ್ಧಪಡಿಸುವ ಶಿಕ್ಷಕರಿಗೆ ವರ್ಷದ ಲೆಕ್ಕವೇ ಬೇರೆ. ಶಾಲೆ ಶುರುವಾದ ಮೊದಲ ತಿಂಗಳುಗಳಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಕಡೆಯಿಂದ ಮುಖ್ಯ ವಿಷಯ ತಿಳಿಯುತ್ತದೆ. ಮಳೆಗಾಲವಿಡೀ ಮಕ್ಕಳು ಊರಿನಲ್ಲಿ ಅಳೆಯುತ್ತಾರೆ, ಕೇಳುತ್ತಾರೆ, ಬರೆದಿಡುತ್ತಾರೆ. ಆಮೇಲೆ ಜಿಲ್ಲಾ ಮಟ್ಟ, ರಾಜ್ಯ ಮಟ್ಟ. ಅದೃಷ್ಟವಿದ್ದರೆ ಕೊನೆಗೆ ರಾಷ್ಟ್ರ ಮಟ್ಟ. ಚಳ್ಳಕೆರೆ ತಾಲ್ಲೂಕಿನ ನಮ್ಮ ಸರ್ಕಾರಿ ಪ್ರೌಢಶಾಲೆಯಿಂದ ಪ್ರತಿವರ್ಷ ನಾಲ್ಕೈದು ತಂಡಗಳು ಹೊರಡುವುದು ರೂಢಿ. 2020ರಲ್ಲಿ ಒಂದೇ ಒಂದು ತಂಡ ಉಳಿಯಿತು.

ಕೊರೊನಾ ಬಂತು, ಮಕ್ಕಳಿಗೆ ಆಸಕ್ತಿ ಹೋಯಿತು ಎಂದು ಸಭೆಗಳಲ್ಲಿ ಹೇಳಿದವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಆಸಕ್ತಿ ಇದ್ದಲ್ಲೇ ಇತ್ತು. ಹೋದದ್ದು ಅದಕ್ಕೆ ಆಸರೆಯಾಗಿದ್ದ ಸಣ್ಣಪುಟ್ಟ ಸಂಗತಿಗಳು: ಬಿಸಿಯೂಟದ ನಂತರ ಸಿಗುತ್ತಿದ್ದ ಅರ್ಧ ಗಂಟೆ, ಸಂಜೆಯ ಬಸ್ಸು ತಡವಾದಾಗ ತೆರೆದಿರುತ್ತಿದ್ದ ಪ್ರಯೋಗಾಲಯ, ಎಲ್ಲಕ್ಕಿಂತ ಹೆಚ್ಚಾಗಿ ಹತ್ತನೆಯ ತರಗತಿಯವರು ಒಂಬತ್ತನೆಯವರ ಕೈಗೆ ಕೊಟ್ಟು ಹೋಗುತ್ತಿದ್ದ, ದಿನದಿನದ ಕೆಲಸ ಬರೆದಿಡುವ ಲಾಗ್ ಪುಸ್ತಕ. ಹೊಸ ತಂಡಗಳನ್ನು ಕಟ್ಟುತ್ತಿದ್ದವರು ನಿಜವಾಗಿ ನಾವಲ್ಲ, ಹಿಂದಿನ ವರ್ಷ ಜಿಲ್ಲಾ ಮಟ್ಟಕ್ಕೆ ಹೋಗಿ ಬಂದ ಮಕ್ಕಳು. ಅಲ್ಲಿ ತೀರ್ಪುಗಾರರು ಏನು ಕೇಳಿದರು, ಊಟಕ್ಕೆ ಏನು ಹಾಕಿದರು ಎಂದು ಅವರು ಕಥೆ ಹೇಳಿದ ಮೇಲೆಯೇ ಕಿರಿಯರು ಹೆಸರು ಕೊಡಲು ಬರುತ್ತಿದ್ದರು. ಮಾರ್ಚ್‌ನಲ್ಲಿ ಶಾಲೆ ಮುಚ್ಚಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ಕ್ಕೆ ಶುರುವಾಗಿ ಜುಲೈ ಮೊದಲ ವಾರಕ್ಕೆ ಹೋಯಿತು. ತಂಡ ಕಟ್ಟುವ ಹೊತ್ತಿನಲ್ಲಿ ನಾವು ಥರ್ಮಲ್ ಸ್ಕ್ಯಾನರ್ ಹಿಡಿದು ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನಿಂತಿದ್ದೆವು. ಕಥೆ ಹೇಳಬೇಕಾದ ಮಕ್ಕಳು ಪರೀಕ್ಷೆ ಬರೆದು ನೇರ ಮನೆಗೆ ಹೋದರು.

ಇನ್ನೊಂದು ತೊಡಕು ಜೋಡಿಯದು. ಹಿಂದೆ ಐವರ ತಂಡವಿದ್ದಾಗ ಒಬ್ಬ ಕೈಬಿಟ್ಟರೂ ಕೆಲಸ ಸಾಗುತ್ತಿತ್ತು. ಆಮೇಲೆ ಬಂದ ಇಬ್ಬರ ತಂಡದಲ್ಲಿ ಒಬ್ಬ ಹೋದರೆ ಮುಗಿಯಿತು. ನಮ್ಮ ಮಕ್ಕಳು ಬೇರೆ ಬೇರೆ ಹಟ್ಟಿಗಳಿಂದ ಬರುವವರು. ತರಗತಿಯಲ್ಲಿ ಒಂದೇ ಬೆಂಚು, ಮನೆಗಳ ನಡುವೆ ಏಳೆಂಟು ಕಿಲೋಮೀಟರ್. ಬಸ್ಸಿಲ್ಲದ ವರ್ಷ ಆ ಜೋಡಿಗಳು ಒಂದೊಂದಾಗಿ ಕಳಚಿಕೊಂಡವು. ಶೇಂಗಾ ಕೀಳುವ ಕಾಲ ಬಂದಾಗ ಉಳಿದವರಲ್ಲೂ ಅರ್ಧ ಮಂದಿ ಹೊಲದಲ್ಲಿದ್ದರು. ಕೂಲಿ ಮನೆಗೆ ಬೇಕಿತ್ತು, ಅವರನ್ನು ದೂರುವಂತಿರಲಿಲ್ಲ. ಹೆಣ್ಣುಮಕ್ಕಳ ಕೈಗೆ ಮೊಬೈಲ್ ಸಿಗುತ್ತಿದ್ದುದು ಅಪ್ಪ ಮನೆಗೆ ಬಂದ ಮೇಲೆ, ರಾತ್ರಿ. ಒಬ್ಬ ಹುಡುಗಿಯ ತಂದೆ ನೇರವಾಗಿಯೇ ಕೇಳಿದರು: “ಶಾಲೆಯೇ ಇಲ್ಲ ಎಂದ ಮೇಲೆ ಸ್ಪರ್ಧೆ ಎಲ್ಲಿಂದ ಬಂತು, ಮೇಷ್ಟ್ರೇ?”

ಅದೇ ವರ್ಷ ಮಕ್ಕಳ ಹೊಸ ಆಲೋಚನೆಗಳಿಗೆ ಕೇಂದ್ರ ಸರ್ಕಾರ ಕೊಡುವ ಇನ್‌ಸ್ಪೈರ್ ಮಾನಕ್ ಪ್ರಶಸ್ತಿಯ ಕಾಲಮುಗಳು ಮಾತ್ರ ಸಲೀಸಾಗಿ ಭರ್ತಿಯಾದವು. ಅಲ್ಲಿ ತಂಡ ಬೇಕಿಲ್ಲ. ಆಗ ಆರರಿಂದ ಹತ್ತನೆಯ ತರಗತಿಯ ಒಂದು ಮಗು, ಒಂದು ಆಲೋಚನೆ. ಶಾಲೆಯಿಂದ ಐವರ ಹೆಸರು. ಆಯ್ಕೆಯಾದರೆ ಮಗುವಿನ ಖಾತೆಗೆ 10,000 ರೂಪಾಯಿ. ಮುಖ್ಯ ಶಿಕ್ಷಕರು ಕಂಪ್ಯೂಟರ್ ಮುಂದೆ ಕುಳಿತರೆ ಕೆಲಸ ಮುಗಿಯುತ್ತದೆ. ಯೋಜನೆ ಒಳ್ಳೆಯದೇ, ಅದರ ಬಗ್ಗೆ ತಕರಾರಿಲ್ಲ. ಆದರೆ ವರದಿಯಲ್ಲಿ ಈ ಐದು ಹೆಸರು ನೋಡಿ “ವಿಜ್ಞಾನ ಚಟುವಟಿಕೆ ಕುಗ್ಗಿಲ್ಲ” ಎಂದು ಬರೆದುಕೊಂಡರೆ ಅದು ಕಾಗದದ ಮಾತು. ಇಬ್ಬರು ಮಕ್ಕಳು ಒಂದೇ ಅಂಕಿಯ ಮೇಲೆ ಜಗಳವಾಡಿ, ಮತ್ತೆ ಹೋಗಿ ಅಳೆದು ಬರುವುದು ಅಲ್ಲಿಲ್ಲ.

ಆಗಸ್ಟ್‌ನಲ್ಲಿ ಶಿಕ್ಷಣ ಇಲಾಖೆಯ ವಿದ್ಯಾಗಮ ಯೋಜನೆ ಬಂತು. ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿ, ನಾವೇ ಊರೂರಿಗೆ ಹೋಗಿ ಗುಡಿಯ ಜಗುಲಿ, ಹುಣಸೆಮರದ ನೆರಳು, ಸಮುದಾಯ ಭವನ ಎಂದು ಸಿಕ್ಕಲ್ಲಿ ಪಾಠ ಮಾಡಿದೆವು. ನನಗೆ ದಾರಿ ಕಂಡದ್ದು ಅಲ್ಲಿ. ಹಳೆಯ ಜೋಡಿಗಳನ್ನು ಬಿಟ್ಟು ಒಂದೇ ಬೀದಿಯ ಇಬ್ಬರನ್ನು ಹಿಡಿದೆ. ಅಂಕಗಳನ್ನು ನೋಡಲಿಲ್ಲ, ಮನೆಗಳ ಅಂತರ ನೋಡಿದೆ. ಒಂಬತ್ತನೆಯ ತರಗತಿಯ ಒಬ್ಬ ಕುರಿ ಕಾಯುವ ಹುಡುಗ, ಅವನ ಮನೆಯ ಎದುರುಸಾಲಿನ ಹುಡುಗಿ. ಅವನ ಬಳಿ ಫೋನ್ ಇಲ್ಲ. ಅವಳ ಅಣ್ಣನ ಬಳಿ ಇದೆ. ಎರಡನೆಯ ನಿಯಮ: ಪ್ರಯೋಗಾಲಯ ಬೇಕಾಗುವ ಯಾವ ವಿಷಯವನ್ನೂ ಮುಟ್ಟುವುದಿಲ್ಲ.

ಆ ಸಾಲಿನ ಮುಖ್ಯ ವಿಷಯ ಸುಸ್ಥಿರ ಬದುಕಿಗಾಗಿ ವಿಜ್ಞಾನ. ಪ್ರಶ್ನೆ ಹುಡುಗನಿಂದಲೇ ಬಂತು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಹಿಂದೆ ಕೊಳವೆಯಿಂದ ಸುರಿದು ನಿಲ್ಲುವ ವೇಸ್ಟ್ ನೀರನ್ನು ಅವನ ಕುರಿಗಳು ಕುಡಿಯುತ್ತಿದ್ದವು. “ಫಿಲ್ಟರ್ ನೀರು ನಮಗೆ, ಉಳಿದದ್ದು ಕುರಿಗೆ. ಕುರಿಗೆ ಏನೂ ಆಗುವುದಿಲ್ಲವೇ, ಸರ್?” ನಮ್ಮ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಕಾಟ ಹಳೆಯದು. ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಹುಡುಕಿಕೊಡಲು ಆಗುತ್ತಿರಲಿಲ್ಲ.

ಮೊದಲು ಎಷ್ಟು ನೀರು ಹೊರಗೆ ಹೋಗುತ್ತದೆ ಎಂದು ಅಳೆಯಬೇಕಿತ್ತು. ನಾಣ್ಯ ಹಾಕಿ ಕ್ಯಾನ್ ಹಿಡಿಯುವ ನಲ್ಲಿಯಲ್ಲಿ ಅಳೆಯೋಣ ಎಂದು ಹುಡುಗ. ಹುಡುಗಿ ಒಪ್ಪಲಿಲ್ಲ. ಆ ನಲ್ಲಿಗೆ ನೀರು ಬರುವುದು ಶೇಖರಣಾ ತೊಟ್ಟಿಯಿಂದ, ಯಂತ್ರ ನಿಂತಿದ್ದರೂ ಬರುತ್ತದೆ. ಯಂತ್ರ ಓಡುವಾಗಲೇ ಎರಡು ಕೊಳವೆಗಳನ್ನೂ ಒಟ್ಟಿಗೆ ಹಿಡಿಯಬೇಕು ಎಂದಳು. ಘಟಕ ನೋಡಿಕೊಳ್ಳುವವರು ಬಾಗಿಲು ತೆರೆದರು. ಶುದ್ಧ ನೀರಿನ ಕೊಳವೆಗೆ 20 ಲೀಟರ್ ಕ್ಯಾನ್, ಹೊರಹೋಗುವ ಕೊಳವೆಗೆ 15 ಲೀಟರ್ ಬಕೆಟ್. ಕ್ಯಾನ್ ತುಂಬುವಷ್ಟರಲ್ಲಿ ಒಂದು ಬಕೆಟ್ ತುಂಬಿ, ಎರಡನೆಯದು ಅರ್ಧಕ್ಕೆ ಬಂದಿತ್ತು. ಫಲಕದ ಮೇಲಿನ ಗಾಜಿನ ನಳಿಗೆಗಳಲ್ಲಿ ತೇಲುವ ಬಿಲ್ಲೆಗಳು ತೋರಿಸುತ್ತಿದ್ದ ಹರಿವಿನ ಅಂಕಿಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿದವು. ಅಂದರೆ ಒಳಗೆ ಹೋದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಚರಂಡಿಗೆ.

ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ, ಪೆನ್ನಿನಂಥ ಟಿಡಿಎಸ್ ಮೀಟರ್ ನನ್ನದೊಂದಿತ್ತು. ಅದನ್ನು ಅವಳ ಮನೆಯಲ್ಲೇ ಬಿಟ್ಟುಬಂದೆ. ಲವಣ ಬಹುಪಾಲು ಯಂತ್ರದೊಳಗಿನ ಸೋಸುವ ಪೊರೆಯ ಈಚೆಗೇ ಉಳಿಯುವುದರಿಂದ, ಅರ್ಧದಷ್ಟು ನೀರು ಶುದ್ಧವಾಗಿ ಹೋದರೆ ಉಳಿದದ್ದರಲ್ಲಿ ಲವಣ ಸುಮಾರು ಇಮ್ಮಡಿಯಾಗಬೇಕು. ಇದನ್ನು ನಾನು ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದೆ. ಮೀಟರ್ ಆ ಲೆಕ್ಕಕ್ಕೆ ಹತ್ತಿರವೇ ಬಂತು. ಫ್ಲೋರೈಡ್ ಕೂಡ ಅದೇ ಹಾದಿ ಹಿಡಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಗರಿಷ್ಠ ಮಿತಿ. ಬಾವಿಯ ನೀರೇ ಆ ಗಡಿಯಲ್ಲಿದ್ದರೆ ಹಿಂದಿನ ಗುಂಡಿಯ ನೀರು ಎಲ್ಲಿರುತ್ತದೆ ಎಂದು ಅವನೇ ಲೆಕ್ಕ ಹಾಕಿದ. ಮಾರನೆಯ ದಿನದಿಂದ ಕುರಿಗಳನ್ನು ಕೆರೆಯ ಕಡೆಗೆ ಹೊಡೆದುಕೊಂಡು ಹೋದನಂತೆ. ವರದಿಯಲ್ಲಿ ಇದನ್ನು ಬರೆಯಲು ಅವನಿಗೆ ಸಂಕೋಚ. ಬರೆಯಿಸಿದೆ.

ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು. ಇವರ ಕೆಲಸ ನಿಲ್ಲಲಿಲ್ಲ, ಏಕೆಂದರೆ ಅದಕ್ಕೆ ನಾನು ಬೇಕಿರಲಿಲ್ಲ. ವಾರಕ್ಕೊಮ್ಮೆ ಲಾಗ್ ಪುಸ್ತಕದ ಪುಟದ ಫೋಟೊ ಅಣ್ಣನ ಫೋನಿನಿಂದ ಬರುತ್ತಿತ್ತು. ನಾನು ಕೆಂಪು ಶಾಯಿಯಲ್ಲಿ ಪ್ರಶ್ನೆ ಬರೆದು ಫೋಟೊ ಕಳಿಸುತ್ತಿದ್ದೆ. ಧ್ವನಿ ಸಂದೇಶ ಬೇಡವೆಂದು ಮೊದಲೇ ಹೇಳಿದ್ದೆ. ಬರೆದದ್ದು ಇಬ್ಬರ ಕೈಗೂ ಸಿಗುತ್ತದೆ, ಧ್ವನಿ ಫೋನ್ ಇದ್ದವರಿಗೆ ಮಾತ್ರ.

ಆ ವರ್ಷ ಸ್ಪರ್ಧೆಗಳೆಲ್ಲ ಪರದೆಯ ಮೇಲೆ. ಅಲ್ಲಿ ನಮ್ಮವರು ಮುಂದೆ ಹೋಗಲಿಲ್ಲ. ಊರಿನ ನೆಟ್‌ವರ್ಕ್ ಮಾತಿನ ನಡುವೆ ಕೈಕೊಟ್ಟಿತು ಎನ್ನುವುದು ಒಂದು. ಪೇಟೆಯ ಮಕ್ಕಳ ಬಣ್ಣದ ಸ್ಲೈಡುಗಳ ಎದುರು ಕೈಬರಹದ ಚಾರ್ಟ್ ಮಂಕಾಗಿ ಕಂಡಿತು ಎನ್ನುವುದು ಇನ್ನೊಂದು. ತೀರ್ಪುಗಾರರು ಮುಂದೆ ನಿಂತು “ಬಕೆಟ್ ಎಲ್ಲಿಟ್ಟಿದ್ದೆ, ತೋರಿಸು” ಎಂದು ಕೇಳುವ ಸ್ಪರ್ಧೆಯಲ್ಲಿ ಈ ಜೋಡಿ ಗೆಲ್ಲುತ್ತಿತ್ತು ಎಂದು ನಾನು ಈಗಲೂ ವಾದಿಸಬಲ್ಲೆ. ಇರಲಿ.

ಕಷ್ಟದ ವರ್ಷ ಎಂದರೆ ನಿಜವಾಗಿ ಅದರ ಮುಂದಿನದು. 2021ರ ಸೆಪ್ಟೆಂಬರ್ 6ರಂದು ಎಂಟನೆಯ ತರಗತಿ ಶುರುವಾದಾಗ ಎದುರಿಗೆ ಕುಳಿತವರು ಆರನೆಯ ತರಗತಿಯ ನಂತರ ಸರಿಯಾಗಿ ಶಾಲೆಯನ್ನೇ ಕಾಣದ ಮಕ್ಕಳು. ಅಳತೆ ಜಾಡಿಯಲ್ಲಿ ನೀರಿನ ಮಟ್ಟವನ್ನು ಕಣ್ಣಿನ ನೇರಕ್ಕೆ ಹಿಡಿದು ಓದುವುದು ಕೂಡ ಗೊತ್ತಿರಲಿಲ್ಲ. ಅವರಿಗೆ ಸ್ಪರ್ಧೆಯ ಮಾತೇ ಎತ್ತಲಿಲ್ಲ. ಆ ವರ್ಷ ಬರೀ ಅಳೆದೆವು: ಮಳೆ, ಹಾಲು, ಬಾವಿಯ ಆಳ, ಸೊಳ್ಳೆಮರಿ ಇರುವ ತೊಟ್ಟಿಗಳು. ಹಳೆಯ ಸಂಖ್ಯೆಗೆ ತಂಡಗಳು ಮರಳಿದ್ದು 2022–23ರಲ್ಲಿ.

ಈಗಲೂ ಜೋಡಿಯನ್ನು ಬೀದಿ ನೋಡಿಯೇ ಮಾಡುತ್ತೇನೆ. ಪ್ರತಿ ಜೋಡಿಗೆ ಎಂಟನೆಯ ತರಗತಿಯ ಒಬ್ಬ ಮೂರನೆಯವನೂ ಇರುತ್ತಾನೆ. ಅರ್ಜಿಯಲ್ಲಿ ಅವನ ಹೆಸರಿಗೆ ಜಾಗವಿಲ್ಲ. ಲಾಗ್ ಪುಸ್ತಕದ ಇನ್ನೊಂದು ಪ್ರತಿ ಬರೆಯುವುದು ಅವನ ಕೆಲಸ. ಮುಂದಿನ ಜೂನ್‌ನಲ್ಲಿ ಪುಸ್ತಕ ಅವನ ಬಳಿಯೇ ಇರುತ್ತದೆ.