ಮಳೆಗಾಲದ ಕೆಮ್ಮು: ಮಗುವಿನ ಉಸಿರು ಎಣಿಸುವುದು ಹೇಗೆ?

ಬೆಂಗಳೂರಿನಲ್ಲಿ ಜೂನ್ ತಿಂಗಳು ಶಾಲೆ ಶುರುವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಮಕ್ಕಳಿಗೆ ಮೂಗು ಸೋರಲು ತೊಡಗುತ್ತದೆ. ನಾವು ಆಷಾಢದ ಗಾಳಿಯನ್ನು ದೂರುತ್ತೇವೆ. ಕಾಯಿಲೆ ತರುವುದು ವೈರಸ್. ಮಳೆಗೆಂದು ಕಿಟಕಿ ಮುಚ್ಚಿದ ತರಗತಿ ಮತ್ತು ಒತ್ತೊತ್ತಾಗಿ ಕೂರಿಸುವ ಶಾಲಾ ವ್ಯಾನು ಅದಕ್ಕೆ ದಾರಿ ಮಾಡಿಕೊಡುತ್ತವೆ.

ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿಕೊಳ್ಳಿ. ಜುಲೈನಿಂದ ನವೆಂಬರ್‌ವರೆಗೆ ಗುರುತು ಹಾಕಿ: ಕೂಸುಗಳ ಸಣ್ಣ ಶ್ವಾಸನಾಳಗಳಿಗೆ ಇಳಿಯುವ ಆರ್‌ಎಸ್‌ವಿ ಎಂಬ ವೈರಸ್ ಹೆಚ್ಚಾಗಿ ಕಾಣಿಸುವುದು ಆಗ. ಫ್ಲೂಗೆ ಎರಡು ಕಾಲ: ಮಳೆಗಾಲ ಒಂದು, ಜನವರಿಯಿಂದ ಮಾರ್ಚ್ ಇನ್ನೊಂದು. 2025ರ ಜನವರಿಯಲ್ಲಿ ನಗರದ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಪತ್ತೆಯಾದಾಗ ಎಷ್ಟೋ ಮನೆಗಳು ಹೆದರಿದವು. ಅದು 2001ರಲ್ಲೇ ಗುರುತಿಸಿದ ವೈರಸ್.

ಫ್ಲೂ ಲಸಿಕೆಯನ್ನು ಮಳೆಗೆ ಮುಂಚೆ, ಮೇ ತಿಂಗಳಲ್ಲೇ ಹಾಕಿಸಿ. ಆರು ತಿಂಗಳು ತುಂಬಿದ ಮೇಲೆ ಕೊಡಬಹುದು. ಚಿಕ್ಕ ಮಕ್ಕಳಿಗೆ ಮೊದಲ ವರ್ಷ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು.

ಕೆಮ್ಮು ಬಂದರೆ ಉಸಿರು ಎಣಿಸಿ. ಪ್ರತಿ ತಾಯಿ, ಪ್ರತಿ ಅಜ್ಜಿ ಇದನ್ನು ಕಲಿಯಲೇಬೇಕು ಎಂದು ನನ್ನ ಆಗ್ರಹ. ಮಗು ಮಲಗಿರಬೇಕು ಅಥವಾ ಮಡಿಲಲ್ಲಿ ಸುಮ್ಮನಿರಬೇಕು. ಅಳುವಾಗ, ಹಾಲು ಕುಡಿಯುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸ್ವೆಟರು, ಅದರ ಮೇಲೊಂದು ಶಾಲು ಸುತ್ತಿದ್ದರೆ ಎದೆ ಕಾಣುವುದೇ ಇಲ್ಲ. ಬಟ್ಟೆ ಮೇಲಕ್ಕೆ ಸರಿಸಿ, ದೀಪ ಹಾಕಿ, ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಎಂದು ಎಣಿಸಿ. ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಕೂಸಿನ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅಂದೇ ವೈದ್ಯರಿಗೆ ತೋರಿಸಿ.

ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ತುಟಿ ನೀಲಿಯಾದರೆ, ಮಗು ಹಾಲು ಬಿಟ್ಟು ಮಂಕಾದರೆ ಎಣಿಸುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ಆಟೋ ಹತ್ತಿ ಆಸ್ಪತ್ರೆಗೆ ಓಡಿ. ಎರಡು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಎಷ್ಟೇ ಕಡಿಮೆ ಇರಲಿ, ಕಾಯಬೇಡಿ.

ಮನೆಯಲ್ಲಿ ಎದೆಹಾಲು ನಿಲ್ಲಿಸಬೇಡಿ, ಸ್ವಲ್ಪಸ್ವಲ್ಪವೇ ಆಗಾಗ ಕೊಡಿ. ಕಟ್ಟಿದ ಮೂಗಿಗೆ ಸಲೈನ್ ಹನಿ ಸಾಕು. ವರ್ಷ ತುಂಬದ ಮಗುವಿಗೆ ಜೇನುತುಪ್ಪ ಬೇಡ. ಔಷಧ ಅಂಗಡಿಯಲ್ಲಿ ಕೇಳಿ ತಂದ ಕೆಮ್ಮಿನ ಸಿರಪ್, ಕಳೆದ ಸಲ ಉಳಿದ ಆಂಟಿಬಯೋಟಿಕ್ ಎರಡೂ ಬೇಡವೇ ಬೇಡ; ವೈರಸ್‌ಗೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ.

ಆರ್‌ಎಸ್‌ವಿ ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದಲ್ಲಿ ಬಿಗಡಾಯಿಸುತ್ತದೆ. ಆದ್ದರಿಂದ ಕೆಮ್ಮು ಶುರುವಾದ ದಿನವನ್ನು ಅದೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಬೆಳಿಗ್ಗೆ ಮತ್ತು ರಾತ್ರಿ ಎಣಿಸಿದ ಸಂಖ್ಯೆಯನ್ನು ಪಕ್ಕದಲ್ಲೇ ಬರೆಯಿರಿ. ಆಸ್ಪತ್ರೆಗೆ ಹೊರಡುವಾಗ ಆ ಹಾಳೆಯ ಫೋಟೋ ಮೊಬೈಲಿನಲ್ಲಿರಲಿ.